ಬ್ರೋಸಿ ವಾಟಿಯ ಬಾಗಿಲು

ಪೋರ್ಟ್‌ಗಾರ್ವಿಯ ಬೀದಿಯಲ್ಲಿ ನಿಂತು “ವಾಲ್ಟರ್ ಫ್ಲೆಟ್!” ಎಂದು ಕೂಗಿದರೆ ಆರು ಮನೆಗಳ ಕಿಟಕಿ ತೆರೆಯುತ್ತದೆ. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಆ ಮೀನುಗಾರರ ಊರಿನಲ್ಲಿ ಇರುವುದೇ ಮೂರು ಮನೆತನ: ಫ್ಲೆಟ್, ಸ್ಲೇಟರ್, ಕೌಯಿ. ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡಬೇಕೆಂಬ ಹಟ ಬೇರೆ. ಹಾಗಾಗಿ ಮನೆಗೊಂದು ಅಡ್ಡಹೆಸರು. ಅಂಚೆಯವನೂ ಪೊಲೀಸನೂ ಅದನ್ನೇ ಬಳಸುತ್ತಾರೆ, ಗೋರಿಕಲ್ಲಿನ ಮೇಲೂ ಅದನ್ನೇ ಕೆತ್ತಿಸುತ್ತಾರೆ. ವಾಲ್ಟರ್ ಎಂದರೆ ಊರವರ ಬಾಯಲ್ಲಿ ವಾಟಿ. ನಮ್ಮ ಕಥೆಯ ವಾಟಿಯ ಮನೆಗೆ ಬಿದ್ದ ಹೆಸರು ‘ಬ್ರೋಸಿ’. ಅವನ ಮುತ್ತಜ್ಜ ಮೂರು ಹೊತ್ತೂ ಓಟ್ಸ್ ಹಿಟ್ಟಿಗೆ ಬಿಸಿನೀರು ಸುರಿದ ಬ್ರೋಸ್ ಗಂಜಿಯನ್ನೇ ಕುಡಿಯುತ್ತಿದ್ದನಂತೆ. ಆತ ಕುಡಿದ ಗಂಜಿ ನಾಲ್ಕು ತಲೆಮಾರು ಕಳೆದರೂ ಅರಗಲಿಲ್ಲ.

ಬ್ರೋಸಿ ವಾಟಿಯ ಕಸುಬು ದೋಣಿಗಳಿಗೆ ಹೆಸರು ಬರೆಯುವುದು. ಅವನಪ್ಪನದೂ ಅದೇ. ತೂಗುಹಲಗೆಯ ಮೇಲೆ ಕುಳಿತು, ಕೆಳಗೆ ಅಲೆ, ಮೇಲೆ ಕಡಲಹಕ್ಕಿಗಳ ಹಿಕ್ಕೆ, ಮಧ್ಯದಲ್ಲಿ ಕೈ ನಡುಗದಂತೆ ಅಕ್ಷರ ಎಳೆಯಬೇಕು. ಊರಿನವರು ಅವನನ್ನು ಕಲಾವಿದ ಎಂದು ಒಮ್ಮೆಯೂ ಕರೆದವರಲ್ಲ. ಕರೆದಿದ್ದರೆ ಕೈಕೈ ಮಿಲಾಯಿಸಬೇಕಾಗುತ್ತಿತ್ತು. ಅರವತ್ತೊಂಬತ್ತು ತುಂಬಿದರೂ ಮದುವೆಯಾಗಿರಲಿಲ್ಲ. ಟರ್ಪೆಂಟೈನ್ ವಾಸನೆಗೆ ಒಗ್ಗುವ ಹೆಣ್ಣು ಸಿಗಲಿಲ್ಲ ಎಂದು ಅವನು ಹೇಳುತ್ತಿದ್ದ. ಅವನ ಬಾಯಿಗೆ ಒಗ್ಗುವವಳು ಸಿಗಲಿಲ್ಲ ಎಂದು ಪಕ್ಕದ ಮನೆಯ ಅತ್ತಿಗೆ ಬೆಥಾಯಾ ತಿದ್ದುತ್ತಿದ್ದಳು. ಅವಳು ವಾಟಿಯ ಅಣ್ಣ ಸ್ಯಾಂಡಿಯ ಹೆಂಡತಿ. ಸ್ಯಾಂಡಿ ಕಡಲುಪಾಲಾಗಿ ನಲವತ್ತೊಂದು ವರ್ಷವಾಗಿತ್ತು. ಅಂದಿನಿಂದ ಮೈದುನನಿಗೆ ದಿನಾ ಮಧ್ಯಾಹ್ನ ಸೂಪು ಕೊಡುವುದು ಅವಳ ಕೆಲಸ, ಅದರ ಜೊತೆಗೆ ನಾಲ್ಕು ಮಾತು ಬೈಯುವುದು ಅವಳ ಹಕ್ಕು.

ವಾಟಿಯ ಶೆಡ್ಡು ಬಂದರಿನ ಮೂಲೆಯಲ್ಲಿ. ಅದರ ಬಾಗಿಲಿನ ಒಳಮೈಯೇ ಈ ಕಥೆ. ಒಂದು ದೋಣಿಯ ಹೆಸರು ಬರೆದು ಮುಗಿಸಿದೊಡನೆ, ಅದೇ ಬ್ರಷ್ಷನ್ನು ತಂದು ಆ ಬಾಗಿಲಿಗೆ ಒರೆಸಬೇಕು. ಅಪ್ಪ ಹಾಕಿಕೊಟ್ಟ ಪದ್ಧತಿ. ಬಾಗಿಲಿಗೆ ಗುರುತಿರುವ ದೋಣಿ ಮನೆಗೆ ಮರಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಒರೆಸುವ ಬಟ್ಟೆಗೆ ಕಾಸು ಬಿಚ್ಚಲಾರದ ಮುದುಕ ಕಟ್ಟಿದ ಕಾಗಕ್ಕ ಗುಬ್ಬಕ್ಕನ ಕಥೆ ಅದು ಎಂದು ವಾಟಿ ನಗುತ್ತಿದ್ದ. ನಗುತ್ತಲೇ ಒರೆಸುತ್ತಲೂ ಇದ್ದ. ಎಪ್ಪತ್ತು ವರ್ಷ, ಮುನ್ನೂರಕ್ಕೂ ಮಿಕ್ಕ ದೋಣಿ. ಬಣ್ಣ ಎರಡು ಬೆರಳು ದಪ್ಪ ಕಟ್ಟಿ, ಹಳೆಯ ಮರದ ತೊಗಟೆಯ ಹಾಗಾಗಿತ್ತು. ಕೆಂಪು, ಹಳದಿ, ಬಿಳಿ, ಕಪ್ಪು, ಹತ್ತಾರು ಬಗೆಯ ನೀಲಿ. ಹಸಿರು ಮಾತ್ರ ಒಂದು ತೊಟ್ಟೂ ಇಲ್ಲ. ಹಸಿರು ದೋಣಿಗೆ ಆಗಿಬರುವುದಿಲ್ಲ. ಏಕೆಂದು ಯಾರಿಗೂ ಗೊತ್ತಿಲ್ಲ, ಕೇಳಿದವರನ್ನು ಯಾರೂ ದೋಣಿಗೆ ಹತ್ತಿಸಿಕೊಳ್ಳುವುದಿಲ್ಲ.

ಇನ್ನೊಂದು ವಿಚಿತ್ರವೆಂದರೆ, ಎದೆಯ ಎತ್ತರದಲ್ಲಿ ಅಂಗೈಯಗಲದ ಜಾಗ ಬರಿಮರ. ಅಲ್ಲಿಗೆ ವಾಟಿಯ ಬ್ರಷ್ಷು ಯಾವತ್ತೂ ಹೋಗುತ್ತಿರಲಿಲ್ಲ.

ಇಂಥ ಬಾಗಿಲಿಗೆ ಒಂದು ಮಾರ್ಚ್ ತಿಂಗಳಲ್ಲಿ ಎಡಿನ್‌ಬರೊದಿಂದ ಫೆನೆಲ್ಲಾ ರಾಟ್ರೇ ಎಂಬಾಕೆ ಬಂದಳು. ಅಲ್ಲಿನ ಒಂದು ಕಲಾ ಗ್ಯಾಲರಿಯಲ್ಲಿ ಪ್ರದರ್ಶನಗಳನ್ನು ಕಟ್ಟುವುದು ಅವಳ ಉದ್ಯೋಗ. ಈಗಿನ ಸ್ಕಾಟಿಷ್ ಕಲೆ ಎಂದರೇನು, ಅದರಲ್ಲಿ ಸ್ಕಾಟಿಷ್‌ತನ ಎಲ್ಲಿದೆ ಎಂದು ಹುಡುಕುತ್ತ ಹೊರಟಿದ್ದಳು. ಕೊಂಬಿನ ಸಾರಂಗ, ಚೌಕಳಿ ಬಟ್ಟೆ, ಮಂಜು ಮುಸುಕಿದ ಬೆಟ್ಟ ನೋಡಿ ನೋಡಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ದೋಣಿಯ ಅಕ್ಷರಗಳನ್ನಾದರೂ ನೋಡೋಣವೆಂದು ಬಂದವಳು, ಬಂದರಿನಲ್ಲಿ ಇಳಿಯುತ್ತಲೇ, “ಇಲ್ಲಿ ಒಳ್ಳೆ ಸಾಲ್ಮನ್ ಸ್ಯಾಂಡ್‌ವಿಚ್ ಎಲ್ಲಿ ಸಿಗುತ್ತೆ?” ಎಂದು ಕೇಳಿದಳು. ದೋಣಿಯವರ ಎದುರು ಆ ಮೀನಿನ ಹೆಸರೆತ್ತುವುದೇ ಅಪಶಕುನ. ಬಲೆ ಹೊಲಿಯುತ್ತಿದ್ದ ನಾಲ್ವರು ದಡಬಡ ಎದ್ದು, ದೋಷ ಕಳೆಯಲೆಂದು ಕೈಗೆ ಸಿಕ್ಕ ಕಬ್ಬಿಣ ಮುಟ್ಟಲು ಓಡಿದರು. ಒಬ್ಬನಿಗೆ ಕಬ್ಬಿಣವೇ ಸಿಗದೆ ಅವಳ ಕಾರನ್ನೇ ತಬ್ಬಿಕೊಂಡ.

ವಾಟಿ ಅವಳನ್ನು ಶೆಡ್ಡಿಗೆ ಕರೆದೊಯ್ದು ಚಹಾ ಕೊಟ್ಟು, ಗಾಳಿ ಜೋರಾಯಿತೆಂದು ಬಾಗಿಲು ಹಾಕಿದ. ಹಾಕಿದಾಗಲೇ ಒಳಮೈ ಕಾಣುವುದು. ಫೆನೆಲ್ಲಾಳ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

“ಇದು... ಇದು ಯಾರು ಮಾಡಿದ್ದು?”

“ಬಡಗಿ. ಬಾಗಿಲು ಮೇಡಂ ಅದು.”

“ಅಲ್ಲ ಫ್ಲೆಟ್ ಅವರೇ, ಈ ಬಣ್ಣ!”

“ಓ, ಅದಾ? ನಾನೂ ನಮ್ಮಪ್ಪನೂ ಗಲೀಜು ಮಾಡಿದ್ದು. ಕೆರೆಯಕ್ಕೆ ಹೋದ್ರೆ ಬಾಗ್ಲೇ ಕಿತ್ತು ಬರತ್ತೆ ಅಂತ ಬಿಟ್ಟಿದೀನಿ.”

ಅವಳು ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮತ್ತೆ ದೂರ ಬಂದು, ಕೊನೆಗೆ ಕಣ್ಣೊರೆಸಿಕೊಂಡಳು. ನಾನು ಹತ್ತು ವರ್ಷದಿಂದ ಹುಡುಕುತ್ತಿದ್ದದ್ದು ಇದನ್ನೇ ಎಂದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ವಾಟಿಗೆ ತನ್ನ ಬಾಗಿಲಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೆ ಹುಟ್ಟಿದಂದಿನಿಂದ ಹೊಗಳಿಕೆಯ ರುಚಿಯೇ ನೋಡದ ಮನುಷ್ಯನಿಗೆ ಅದು ಬರಿಹೊಟ್ಟೆಗೆ ವಿಸ್ಕಿ ಬಿದ್ದ ಹಾಗೆ ಏರಿತು. ಹೊಸ ದೋಣಿ ನೀರಿಗಿಳಿದು ಹನ್ನೊಂದು ವರ್ಷವಾಗಿತ್ತು. ಇದ್ದ ದೋಣಿಗಳಿಗೂ ಈಗ ಪ್ಲಾಸ್ಟಿಕ್ ಅಕ್ಷರಗಳನ್ನು ಅಂಟಿಸುತ್ತಿದ್ದರು. ಬ್ರಷ್ಷೇ ಇಲ್ಲದ ಮೇಲೆ ಒರೆಸುವ ಬಾಗಿಲು ಯಾಕೆ?

“ತಗೊಂಡ್ಹೋಗಿ. ಬದಲಿಗೆ ಒಂದು ಹೊಸ ಬಾಗ್ಲು ಹಾಕಿಸ್ಕೊಡಿ, ಅಷ್ಟೆ” ಎಂದು ಅವಳು ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಿದ. ಬೆಥಾಯಾ ಆ ವಾರ ಸೊಂಟದ ಆಪರೇಷನ್ನಿಗೆಂದು ಆಬರ್ಡೀನಿನ ಆಸ್ಪತ್ರೆ ಸೇರಿದ್ದಳು. ಊರಲ್ಲಿದ್ದಿದ್ದರೆ ಇದು ನಡೆಯುತ್ತಲೇ ಇರಲಿಲ್ಲ, ಅದು ವಾಟಿಗೂ ಗೊತ್ತಿತ್ತು. ಅದಕ್ಕೇ ಅವಸರ ಮಾಡಿದ.

ಮುಂದಿನ ಮಂಗಳವಾರ ಬಿಳಿ ಕೈಗವಸಿನ ಮೂವರು ಬಂದು, ಹಸುಗೂಸನ್ನು ಎತ್ತುವ ಹಾಗೆ ಬಾಗಿಲನ್ನೆತ್ತಿ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ಅದರ ಜಾಗದಲ್ಲಿ ಹೊಸ ಬಾಗಿಲು ಕೂರಿಸಿದರು. ಒಳ್ಳೆಯ ಓಕ್ ಮರ, ಹಿತ್ತಾಳೆ ಹಿಡಿ. ಬಣ್ಣ ಹಸಿರು.

ಸೀಗಲ್ ವಾಟಿ, ಅಂದರೆ ಊರಿನ ಇನ್ನೊಬ್ಬ ವಾಲ್ಟರ್ ಫ್ಲೆಟ್, ಸ್ಕ್ರೂಡ್ರೈವರ್ ಕೇಳಲು ಬಂದವನು ಅದನ್ನು ನೋಡಿ ಹಿಮ್ಮುಖವಾಗಿಯೇ ನಡೆದು ಹೋದ. ವಾಟಿ ರಾತ್ರೋರಾತ್ರಿ ಅದಕ್ಕೆ ಕೆಂಪು ಬಳಿದ. “ಮೇಲೆ ಕೆಂಪಾದ್ರೇನು, ಒಳಗೆ ಅದೇ ಇದೆಯಲ್ಲ” ಎಂದರು ಜನ. ಇನ್ನೊಂದು ಪದರ ಬಳಿದ. “ಎಷ್ಟು ಕೋಟು ಹಾಕಿದ್ರೂ ಮನುಷ್ಯ ಒಳಗೆ ಬತ್ತಲೆಯೇ” ಎಂದ ಸೀಗಲ್ ವಾಟಿ, ದೂರದಿಂದ.

ಹೊಸ ಸೊಂಟದೊಡನೆ ಊರಿಗೆ ಬಂದ ಬೆಥಾಯಾ ಎರಡೂ ಊರುಗೋಲು ಊರಿಕೊಂಡು ನೇರ ಶೆಡ್ಡಿಗೆ ಬಂದಳು.

“ಬಾಗ್ಲೆಲ್ಲೋ?”

“ಎಡಿನ್‌ಬರೊದಲ್ಲಿ. ಗ್ಯಾಲರೀಲಿ ಇಟ್ಟಿದಾರೆ ಅತ್ತಿಗೆ. ಸ್ಕಾಟ್ಲೆಂಡಿನ ಆತ್ಮ ಅಂತೆ ಅದು.”

“ಆತ್ಮ ಮಾರ್ಕೊಂಡು ಇದನ್ನ ತಂದ್ಯಾ? ನಿಮ್ಮಪ್ಪ ಇದ್ದಿದ್ರೆ ನಿನ್ನನ್ನೇ ಕಿತ್ತು ಬಾಗ್ಲಿಗೆ ಹಾಕ್ತಿದ್ದ.” ಅಷ್ಟು ಹೇಳಿ ತಿರುಗಿ ಹೋದಳು. ಅವತ್ತು ಸೂಪು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಬಂತು, ಉಪ್ಪಿಲ್ಲದೆ.

ಇದೆಲ್ಲ ತಣ್ಣಗಾಗುವ ಹೊತ್ತಿಗೆ ಲೆಕ್ಸಿ ಬಂದಳು. ಲೆಕ್ಸಿ ಬೆಥಾಯಾಳ ಒಬ್ಬಳೇ ಮಗಳು. ಅಪ್ಪ ಸತ್ತಾಗ ಎರಡು ವರ್ಷದ ಮಗು, ಈಗ ನಲವತ್ತಮೂರರ ಗಟ್ಟಿಗಿತ್ತಿ. ಇಪ್ಪತ್ತು ವರ್ಷ ಬೇರೆಯವರ ದೋಣಿಯಲ್ಲಿ ಸೀಗಡಿ ಹಿಡಿದವಳು, ಯಾರಿಗೂ ಹೇಳದೆ ದೂರದ ದೋಣಿಕಟ್ಟೆಯೊಂದರಲ್ಲಿ ತನ್ನದೇ ಒಂದನ್ನು ಕಟ್ಟಿಸಿ ತಂದಿದ್ದಳು.

“ಚಿಕ್ಕಪ್ಪ, ಹೆಸರು ನೀನೇ ಬರೀಬೇಕು. ಸ್ಟಿಕ್ಕರ್ ಗಿಕ್ಕರ್ ನಂಗಾಗಲ್ಲ. ಅಮ್ಮನ ಹೆಸರು, ‘ಬೆಥಾಯಾ’ ಅಂತ. ಸೋಮವಾರ ಮೊದಲ್ನೇ ಸಲ ಹೊರಡ್ತೀನಿ.”

ವಾಟಿ ಸಂತೋಷದಿಂದ ಬ್ರಷ್ಷಿನ ಡಬ್ಬಿಗೆ ಕೈ ಹಾಕಿದ. ಮರುಗಳಿಗೆಯಲ್ಲೇ ಬಾಗಿಲಿನ ನೆನಪಾಗಿ ಕೈ ಹಿಂದಕ್ಕೆ ತೆಗೆದ.

ಆ ಬರಿಮರದ ಜಾಗದ ವಿಷಯ ಇಲ್ಲಿ ಹೇಳಿಬಿಡಬೇಕು. ನಲವತ್ತೊಂದು ವರ್ಷದ ಹಿಂದೆ ಸ್ಯಾಂಡಿ ತನ್ನ ದೋಣಿಗೆ ‘ಹಾರ್ವೆಸ್ಟ್ ಮೂನ್’ ಎಂದು ಹೆಸರಿಟ್ಟ. ವಾಟಿ ಹಳದಿಯಲ್ಲಿ ಬರೆದ. ಬರೆದು ಮುಗಿಸಿದಾಗ ಅಣ್ಣ ಕೆಳಗೆ ನಿಂತು, ಇಡೀ ಬಂದರಿಗೆ ಕೇಳುವಂತೆ, “ಲೋ, ಆ ಮೂನ್‌ನ ‘ಎಂ’ಗೆ ಒಂದು ಕಾಲು ಗಿಡ್ಡ ಕಣೋ! ಕುಂಟ್ತಾ ಇದೆ!” ಎಂದು ನಕ್ಕ. ಜನರೂ ನಕ್ಕರು. ಕುಂಟೋದು ನಿನ್ನ ಕಣ್ಣು ಎಂದು ವಾಟಿ ಬ್ರಷ್ಷನ್ನು ನೀರಿಗೆಸೆದು ಮನೆಗೆ ಹೋದ. ಬಾಗಿಲಿನಲ್ಲಿ ಅಣ್ಣನ ದೋಣಿಗೆಂದು ಬಿಟ್ಟಿದ್ದ ಜಾಗಕ್ಕೆ ಒರೆಸಲಿಲ್ಲ, ಅದು ಹಾಗೇ ಉಳಿಯಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಹನ್ನೊಂದು ವಾರ ಕಳೆದು ಒಂದು ಗುರುವಾರ ‘ಹಾರ್ವೆಸ್ಟ್ ಮೂನ್’ ಮರಳಲಿಲ್ಲ. ತನಿಖೆಯವರು ಅರವತ್ತು ಪುಟ ಬರೆದರು. ದೊಡ್ಡ ಅಲೆ, ದೋಣಿಯ ಒಡಲಿಗೆ ಸರಿಯಾಗಿ ಹಾಕದ ಮುಚ್ಚಳ ಎಂದಿತ್ತು ಅದರಲ್ಲಿ. ಬ್ರಷ್ಷಿನ ವಿಷಯ ಎಲ್ಲಿಯೂ ಇರಲಿಲ್ಲ. ಅಂಥದ್ದನ್ನೆಲ್ಲ ನಂಬದ ವಾಟಿ, ಬ್ರಷ್ಷಿನ ಮಾತು ಎಲ್ಲಾದರೂ ಇದೆಯೇನೋ ಎಂದು ಆ ಅರವತ್ತು ಪುಟವನ್ನು ಎರಡು ಸಲ ಓದಿದ್ದ.

ಬೆಥಾಯಾ ಈ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಈಗ ಬೇಲಿಯಾಚೆಯಿಂದ ಒಂದೇ ಒಂದು ಮಾತು ಕೇಳಿದಳು.

“ಎಲ್ಲಿ ಒರೆಸ್ತೀಯ?”

ವಾಟಿ ಫೆನೆಲ್ಲಾಗೆ ಫೋನು ಮಾಡಿದ. ಒಂದೇ ಒಂದು ಸಲ, ಒಂದು ಬ್ರಷ್ಷು, ಎರಡು ಕ್ಷಣದ ಕೆಲಸ ಎಂದ. ಅವಳು ಒಳ್ಳೆಯವಳೇ, ಮರುಗಿದಳು. ಆದರೆ ಬಾಗಿಲು ಈಗ ಸಂಗ್ರಹದ ಸ್ವತ್ತು, ಕೃತಿ ಪೂರ್ಣಗೊಂಡಿದೆ, ಹೊಸ ಬಣ್ಣ ತಾಗಿಸಲು ಸಮಿತಿಯ ಒಪ್ಪಿಗೆ ಬೇಕು ಎಂದಳು.

“ಸಮಿತಿ ಯಾವಾಗ ಕೂರುತ್ತೆ?”

“ನವೆಂಬರಿನಲ್ಲಿ.”

“ದೋಣಿ ಸೋಮವಾರ ಹೊರಡತ್ತೆ ಮೇಡಂ.”

“ಆ ಭಾವನೆ ನನಗೆ ಅರ್ಥವಾಗುತ್ತೆ ಫ್ಲೆಟ್ ಅವರೇ. ಅದನ್ನೇ ನೀವು ಬರೆದು ಕಳಿಸಿದರೆ ಬಾಗಿಲಿನ ಪಕ್ಕ ಹಾಕಬಹುದು” ಎಂದಳು.

ವಾಟಿ ಬರೆದು ಕಳಿಸಲಿಲ್ಲ. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹಲಗೆ ಹತ್ತಿ, ಬಿಳಿಯ ಮೇಲೆ ನೀಲಿಯಲ್ಲಿ ‘ಬೆಥಾಯಾ’ ಎಂದು ಬರೆದ. ಬ್ರಷ್ಷನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು, ಮೇಲೆ ಎರಡು ಬೆಣ್ಣೆಬನ್ನು ಮುಚ್ಚಿ, ಆರೂವರೆಯ ಬಸ್ಸು ಹಿಡಿದ. ಅರವತ್ತು ದಾಟಿದವರಿಗೆ ಬಸ್ಸು ಪುಕ್ಕಟೆ. ಸರ್ಕಾರವನ್ನು ಬೈಯದೆ ಅವನು ಒಪ್ಪಿಕೊಂಡ ಉಪಕಾರ ಅದೊಂದೇ.

ಗ್ಯಾಲರಿಯ ಬಾಗಿಲಲ್ಲಿ ಕಾವಲುಗಾರ ಡಬ್ಬಿ ಮೂಸಿ ಮುಖ ಕಿವುಚಿದ. “ಏನ್ ವಾಸನೆ ಇದು?”

“ಹೊಗೆ ಹಾಕಿದ ಮೀನು. ಬೇಕಾ?”

ಬೇಡವೆಂದು ಅವನು ಒಳಗೆ ಬಿಟ್ಟ. ಹಾಲುಬಿಳಿ ಗೋಡೆ, ಹೊಳೆಯುವ ನೆಲ, ಮೇಲಿನಿಂದ ದೀಪ. ನಟ್ಟನಡುವೆ ಅವನ ಬಾಗಿಲು, ಯಾವ ಶೆಡ್ಡಿಗೂ ಸೇರದೆ ನಿಂತಿತ್ತು. ಮುಂದೆ ಒಂದು ಹಗ್ಗ. ಪಕ್ಕದ ಫಲಕದಲ್ಲಿ ಹೀಗಿತ್ತು: ‘ವಾಲ್ಟರ್ ಫ್ಲೆಟ್, ಬಾಗಿಲು. ಹಸಿರಿನ ಸಂಪೂರ್ಣ ನಿರಾಕರಣೆಯು ರಮ್ಯ ಕಣಿವೆಗಳ ಸುಳ್ಳು ಸ್ಕಾಟ್ಲೆಂಡಿಗೆ ಕಲಾವಿದ ಹೇಳಿದ ವಿದಾಯ. ನಡುವಿನ ಬರಿಮರವು ತನ್ನ ಹೆಸರನ್ನು ತಾನೇ ನುಡಿಯಲಾರದ ರಾಷ್ಟ್ರವೊಂದರ ಮೌನ.’

ವಾಟಿ ಎರಡು ಸಲ ಓದಿದ. ನಗು ಬಂತು, ಸಿಟ್ಟೂ ಬಂತು. ಅದರಲ್ಲೇನೋ ಅರೆಪಾಲು ನಿಜವಿದ್ದಂತೆ ಕಂಡು ಇನ್ನೂ ಸಿಟ್ಟು ಬಂತು.

ಮೂಲೆಯ ಕುರ್ಚಿಯಲ್ಲಿ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕಾವಲು ಕೂತಿದ್ದಳು. ಎದೆಯ ಬಿಲ್ಲೆಯಲ್ಲಿ ‘ಎಂ. ಕೌಯಿ’ ಎಂದಿತ್ತು. ಅದನ್ನು ನೋಡಿದ್ದೇ ವಾಟಿ ಹತ್ತಿರ ಹೋದ.

“ಯಾವ ಕೌಯಿ?”

“ಮಾರ್ಜರಿ.”

“ಅದಲ್ಲ. ಯಾವ ಕೌಯಿ?”

ಅವಳು ಆಗ ಅವನನ್ನು ಸರಿಯಾಗಿ ನೋಡಿದಳು. ಇಪ್ಪತ್ತೈದು ವರ್ಷ ಈ ನಗರದಲ್ಲಿದ್ದರೂ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. “ಡೂಕಿ ಕೌಯಿ” ಎಂದಳು ಮೆಲ್ಲಗೆ.

“ಬಂದರು ದಾಟಿ ಆಚೆ ಬೀದಿ ಡೂಕಿಗಳು. ನಿಮ್ಮಜ್ಜ ‘ವಿಲಿಂಗ್ ಹ್ಯಾಂಡ್’ ದೋಣಿಯವನು. ಕೆಂಪಕ್ಷರ, ಬಿಳಿ ನೆರಳು. ನಮ್ಮಪ್ಪ ಬರೆದದ್ದು. ಅಲ್ನೋಡಿ, ಮೇಲಿನ ತಿರುಗಣಿ ಪಕ್ಕ, ಕೆಂಪಿನ ಒಳಗೆ ಬಿಳಿ. ಅವನೇ.”

ಮಾರ್ಜರಿ ಎದ್ದು ಹಗ್ಗದ ತನಕ ಬಂದಳು. ಆರು ವಾರದಿಂದ ದಿನಾ ಎಂಟು ಗಂಟೆ ಅವಳು ಕಾಯುತ್ತಿದ್ದದ್ದು ತನ್ನ ಅಜ್ಜನನ್ನೇ. ಯಾರೂ ಹೇಳಿರಲಿಲ್ಲ. ಅವಳ ಕಣ್ಣು ತುಂಬಿತು. “ನನ್ನ ತೊಡೆ ಮೇಲೆ ಕೂರಿಸ್ಕೊಂಡು ಏಡಿ ಕಾಲು ಸುಲಿದು ಕೊಡ್ತಿದ್ದ” ಎಂದಳು. ಹಗ್ಗದ ಮೇಲೆ ಬಾಗಿ, “ಹಾಗಾದ್ರೆ ಆ ಖಾಲಿ ಜಾಗ ಯಾರದ್ದು?” ಎಂದು ಕೇಳಿದಳು.

“ನಮ್ಮಣ್ಣಂದು” ಎಂದ ವಾಟಿ, ಡಬ್ಬಿ ತೆರೆದು ಬನ್ನುಗಳನ್ನು ಎತ್ತಿ ಅವಳ ಕೈಗಿಟ್ಟ. “ಅವನ ಮಗಳು ಸೋಮವಾರ ಕಡಲಿಗೆ ಹೋಗ್ತಾಳೆ.”

ಮಾರ್ಜರಿಗೆ ಇನ್ನೇನೂ ಬಿಡಿಸಿ ಹೇಳಬೇಕಾಗಲಿಲ್ಲ. ಒಂದೇ ಅನುಮಾನ ಉಳಿದಿತ್ತು.

“ಹಸಿರಲ್ಲ ತಾನೆ?”

“ನೀಲಿ.”

“ಹಾಗಿದ್ರೆ ನಂಗೇನೂ ಕಾಣಿಸ್ತಿಲ್ಲ” ಎಂದು ಅವಳು ಕಿಟಕಿಯ ಕಡೆ ತಿರುಗಿ ಬನ್ನು ತಿನ್ನತೊಡಗಿದಳು.

ವಾಟಿ ಹಗ್ಗ ದಾಟಿದ. ಮೊಣಕಾಲು ಕಟಕ್ಕೆಂದಿತು. ಬ್ರಷ್ಷು ಹಸಿಯಾಗಿಯೇ ಇತ್ತು. ಬರಿಮರದ ಒಂದಂಚಿಗೆ ಹೆಬ್ಬೆರಳು ಒತ್ತಿ ಹಿಡಿದ. ಆಮೇಲೆ ಒರೆಸಿದ. ಎಚ್ಚರಿಕೆಯ ಗಂಟೆ ಕಿವಿ ಹರಿಯುವಂತೆ ಬಡಿದುಕೊಂಡಿತು. ಪಕ್ಕದ ಕೋಣೆಯಿಂದ ಇಪ್ಪತ್ತು ಜನ ಓಡಿಬಂದು, ಇದೂ ಪ್ರದರ್ಶನದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಒಬ್ಬ ಜರ್ಮನ್ ಪ್ರವಾಸಿ ಇನ್ನೊಮ್ಮೆ ಮಾಡಿ ಎಂದು ಕೇಳಿಕೊಂಡ.

ಫೆನೆಲ್ಲಾ ಏದುಸಿರು ಬಿಡುತ್ತ ಬಂದಳು. ಮುಖ ಸುಣ್ಣ ಬಳಿದಂತಾಗಿತ್ತು. “ಫ್ಲೆಟ್ ಅವರೇ, ಆ ಮೌನ! ಇಡೀ ಕೃತಿ ನಿಂತಿದ್ದೇ ಅದರ ಮೇಲೆ!”

“ಅದು ದೇಶದ ಮೌನ ಅಲ್ಲ ಮೇಡಂ” ಎಂದ ವಾಟಿ. “ನಲವತ್ತೊಂದು ವರ್ಷದಿಂದ ನಾನೇ ಬಾಯಿ ಮುಚ್ಕೊಂಡಿದ್ದು.” ಅಲ್ಲೇ ಮಾರ್ಜರಿಯ ಕುರ್ಚಿಯಲ್ಲಿ ಕುಸಿದು ಕುಳಿತು ಎಲ್ಲವನ್ನೂ ಹೇಳಿದ: ಕುಂಟುವ ‘ಎಂ’, ನೀರಿಗೆಸೆದ ಬ್ರಷ್ಷು, ಅರವತ್ತು ಪುಟ. ಹಸಿರು ಯಾಕಿಲ್ಲ ಎಂಬುದನ್ನೂ ಹೇಳಿದ. “ನಿರಾಕರಣೆ ಅಂತೆಲ್ಲ ಬರೆದಿದೀರಿ. ನಮಗೆ ಹೆದರಿಕೆ, ಅಷ್ಟೆ.”

ಫೆನೆಲ್ಲಾ ತಾನೇ ಬರೆದ ಫಲಕವನ್ನು ಮತ್ತೊಮ್ಮೆ ಓದಿದಳು. ಪೊಲೀಸರನ್ನು ಕರೆಯಲೇ ಎಂದು ಯಾರೋ ಕೇಳಿದರೆ ಬೇಡವೆಂದು ಕೈಯಾಡಿಸಿದಳು. ಕೊನೆಗೆ ಫಲಕವನ್ನು ಕಿತ್ತು ಕೈಗೆತ್ತಿಕೊಂಡಳು.

“ಇದನ್ನು ಮತ್ತೆ ಬರೀತೀನಿ. ಏನಂತ ಬರೀಲಿ, ನೀವೇ ಹೇಳಿ.”

“ಮೊದಲು ಹೆಸರಿಗೆ ‘ಬ್ರೋಸಿ’ ಸೇರಿಸಿ. ಇಲ್ಲಾಂದ್ರೆ ಸೀಗಲ್ ವಾಟಿ ಬಂದು ಇದು ನಂದೇ ಅಂತಾನೆ. ಆಮೇಲೆ, ಇದು ಮುಗಿದಿಲ್ಲ ಅಂತ ಬರೀರಿ.”

ಆ ರಾತ್ರಿ ಮಾರ್ಜರಿಯ ಸೋಫಾದ ಮೇಲೆ ಮಲಗಿ, ಭಾನುವಾರ ಮಧ್ಯಾಹ್ನ ಊರು ಮುಟ್ಟಿದ. ಬೆಥಾಯಾಳ ಅಡುಗೆಮನೆಯಲ್ಲಿ ಹೊಗೆಮೀನು, ಆಲೂಗಡ್ಡೆ, ಹಾಲಿನ ಸೂಪು ಕುದಿಯುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

“ಒರೆಸಿದ್ಯಾ?”

“ಒರೆಸಿದೆ.”

“ಎಲ್ಲಿ?”

“ಅವನ ಜಾಗದಲ್ಲಿ.” ವಾಟಿ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. “ಪೂರ್ತಿ ತುಂಬ್ಲಿಲ್ಲ ಅತ್ತಿಗೆ. ಅವನಿಗೂ ಚೂರು ಬಿಟ್ಟಿದೀನಿ.”

ಬೆಥಾಯಾ ಸೌಟಿನಿಂದ ತಳದವರೆಗೂ ಒಮ್ಮೆ ಕದಡಿದಳು. ಆಮೇಲೆ ಅವಳು ಬಟ್ಟಲು ತುಂಬಿಸಿ ಅವನ ಮುಂದಿಟ್ಟು, ಉಪ್ಪಿನ ಡಬ್ಬಿಯನ್ನು ಅವನ ಕಡೆ ತಳ್ಳಿ, ಎದುರಿಗೆ ಕೂತಳು. ಕಿಟಕಿಯಾಚೆ ಬಂದರಿನಲ್ಲಿ ಅವಳದೇ ಹೆಸರು ನೀಲಿಯಾಗಿ ಕಾಣುತ್ತಿತ್ತು. ಅದರ ಒಂದೊಂದು ಅಕ್ಷರವನ್ನೂ ಅವಳು ಕಣ್ಣು ಕಿರಿದು ಮಾಡಿ ಅಳೆದಳು.

“ಇದು ನೆಟ್ಟಗಿದೆ” ಎಂದಳು. ಕಿಟಕಿಯಿಂದ ಅವನ ಕಡೆ ತಿರುಗಿ, “ಆ ‘ಎಂ’ ಕುಂಟ್ತಿತ್ತು ಕಣೋ ವಾಟಿ.”

“ಹೌದು ಅತ್ತಿಗೆ,” ಎಂದ ವಾಟಿ, “ಕುಂಟ್ತಿತ್ತು.”